ಲೆಕ್ಕಕ್ಕೆ ಬಾರದ ನೀರು

ಶರಬತ್ತಿಗೆ ಸಕ್ಕರೆ ಹೆಚ್ಚಾದರೆ ಒಂದಿಷ್ಟು ನೀರು ಸುರಿಯುತ್ತೇವೆ, ಕಡಿಮೆಯಾದರೆ ಇನ್ನೊಂದು ಚಮಚ ಹಾಕುತ್ತೇವೆ. ನಾಲಿಗೆಯೇ ಅಲ್ಲಿ ತಕ್ಕಡಿ. ಆದರೆ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ರುಚಿ ನೋಡುವಂತಿಲ್ಲ. ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ವಸ್ತು ಕರಗಿದೆ ಎಂಬುದನ್ನು, ಅಂದರೆ ಅದರ ಸಾರತೆಯನ್ನು, ಬಾಟಲಿಗೆ ಅಂಟಿಸಿದ ಚೀಟಿಯೇ ಹೇಳಬೇಕು. ಚೀಟಿ ಬರೆದವರನ್ನು ನಂಬಿ ಇಡೀ ತರಗತಿ ಕೆಲಸ ಮಾಡುತ್ತದೆ. ಆ ನಂಬಿಕೆಯನ್ನು ನಾವಿಬ್ಬರು ಗೆಳೆಯರು ಒಮ್ಮೆ ಕೆಡಿಸಿದ್ದೆವು.

ಬಿ.ಎಸ್ಸಿ. ಮೊದಲ ವರ್ಷದ ಮಾತು. ನಮ್ಮ ಕಾಲೇಜಿನಲ್ಲಿ ದ್ರಾವಣಗಳನ್ನು ತಯಾರಿಸುತ್ತಿದ್ದುದು ಅಟೆಂಡರ್ ಅಣ್ಣ. ಹೆಚ್ಚು ಓದಿದವರಲ್ಲ. ಆದರೆ ಕೆಲಸದ ಲೆಕ್ಕವೆಲ್ಲ ಅವರಿಗೆ ಬಾಯಿಪಾಠ. ಆಮ್ಲವನ್ನು ನೀರಿಗೆ ನಿಧಾನವಾಗಿ ಸುರಿಯಬೇಕು, ನೀರನ್ನು ಆಮ್ಲಕ್ಕೆ ಎಂದೂ ಸುರಿಯಬಾರದು, ಸುರಿದರೆ ಕುದಿದು ಮುಖಕ್ಕೆ ಚಿಮ್ಮುತ್ತದೆ ಎಂದು ನಮಗೆ ಮೊದಲು ಕಲಿಸಿದವರೂ ಅವರೇ.

ಒಂದು ದಿನ ಮೇಷ್ಟ್ರು ನಮ್ಮಿಬ್ಬರನ್ನು ಕರೆದು, "ಇವತ್ತು ಆಕ್ಸಾಲಿಕ್ ಆಮ್ಲದ ದ್ರಾವಣ ನೀವೇ ಮಾಡಿ, ಒಂದು ಲೀಟರ್, 0.1 ನಾರ್ಮಲ್" ಎಂದರು. ನಮಗೆ ಹೆಮ್ಮೆಯೋ ಹೆಮ್ಮೆ. ಕಾಸ್ಟಿಕ್ ಸೋಡಾವನ್ನು ಎಂದಿನಂತೆ ಅಣ್ಣ ಮಾಡಿದರು.

ಈ ಎರಡರ ಸ್ವಭಾವ ಬೇರೆ ಬೇರೆ. ಕಾಸ್ಟಿಕ್ ಸೋಡಾ ತಕ್ಕಡಿಯ ಮೇಲಿರುವಾಗಲೇ ಗಾಳಿಯಿಂದ ತೇವವನ್ನೂ ಇಂಗಾಲದ ಡೈಆಕ್ಸೈಡನ್ನೂ ಹೀರಿಕೊಳ್ಳುತ್ತದೆ. ಲೀಟರಿಗೆ 4 ಗ್ರಾಂ ತೂಗಿದರೂ ಅದರಲ್ಲಿ ನಿಜವಾದ ಸೋಡಾ ಒಂದಿಷ್ಟು ಕಡಿಮೆಯೇ ಇರುತ್ತದೆ. ಆಕ್ಸಾಲಿಕ್ ಆಮ್ಲದ ಹರಳು ಹಾಗಲ್ಲ, ತೂಗಿದಷ್ಟೇ ಇರುತ್ತದೆ. ಆದ್ದರಿಂದ ಅದನ್ನು ಪ್ರಮಾಣವಾಗಿಟ್ಟುಕೊಂಡು ಸೋಡಾದ ನಿಜವಾದ ಸಾರತೆಯನ್ನು ಕಂಡುಹಿಡಿಯುತ್ತಾರೆ. ಅಂದು ಆ ಪ್ರಮಾಣ ನಮ್ಮ ಕೈಯಲ್ಲಿತ್ತು.

ನಾವು ಲೆಕ್ಕ ಹಾಕಿದೆವು. ಅಣುತೂಕ 90, ಈಕ್ವಿವಲೆಂಟ್ ತೂಕ ಅದರ ಅರ್ಧ 45, ಹಾಗಾದರೆ ಲೀಟರಿಗೆ 4.5 ಗ್ರಾಂ. ಜೋಪಾನವಾಗಿ ತೂಗಿದೆವು. ವಾಚ್ ಗ್ಲಾಸನ್ನು ಮೂರು ಸಲ ತೊಳೆದು ಆ ನೀರನ್ನೂ ಫ್ಲಾಸ್ಕಿಗೇ ಸೇರಿಸಿದೆವು. ಹರಳು ಪೂರ್ತಿ ಕರಗಿದ ಮೇಲೆ ಗೆರೆಯ ಹತ್ತಿರದವರೆಗೆ ನೀರು ತುಂಬಿ, ಕಣ್ಣನ್ನು ಗೆರೆಯ ಮಟ್ಟಕ್ಕಿಟ್ಟು, ಕೊನೆಯ ಹನಿಗಳನ್ನು ಡ್ರಾಪರಿನಿಂದ ಬಿಟ್ಟೆವು. ಮುಚ್ಚಳ ಹಾಕಿ ಹಲವು ಸಲ ತಲೆಕೆಳಗು ಮಾಡಿ ಬೆರೆಸಿದೆವು. ಕೈಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ.

ತರಗತಿ ಶುರುವಾಯಿತು. 20 ಮಿಲಿಲೀಟರ್ ಆಮ್ಲಕ್ಕೆ ಸುಮಾರು 20 ಮಿಲಿಲೀಟರ್ ಸೋಡಾ ಬೀಳಬೇಕಿತ್ತು. ಎಲ್ಲರ ಫ್ಲಾಸ್ಕೂ 14ರ ಆಚೀಚೆಯಲ್ಲೇ ಗುಲಾಬಿ ಬಣ್ಣಕ್ಕೆ ತಿರುಗಿತು. ಮೇಷ್ಟ್ರು ನೇರವಾಗಿ ಅಟೆಂಡರ್ ಅಣ್ಣನ ಕಡೆ ತಿರುಗಿದರು. "ಏನಯ್ಯಾ, ಎಷ್ಟು ಸುರಿದೆ?"

"ನಾಲ್ಕೇ ಗ್ರಾಂ ಸಾರ್."

"ಸುಳ್ಳು ಹೇಳಬೇಡ."

ಅಣ್ಣ ಮಾತಾಡಲಿಲ್ಲ. ಆ ಲೀಟರನ್ನು ಚೆಲ್ಲಿ ಹೊಸದಾಗಿ ಮಾಡಿ ತಂದರು. ಮತ್ತೆ ಅದೇ 14. ಅರುವತ್ತು ಹುಡುಗರ ಮುಂದೆ ಅವರಿಗೆ ಎರಡನೆಯ ಸಲ ಬೈಗುಳ ಬಿತ್ತು.

ಸಂಜೆ ಬಾಟಲಿಗಳನ್ನು ಕಪಾಟಿನಲ್ಲಿಡುವಾಗ ನಾವು ಆಕ್ಸಾಲಿಕ್ ಆಮ್ಲದ ಚೀಟಿಯನ್ನು ಮೊದಲ ಬಾರಿಗೆ ಪೂರ್ತಿ ಓದಿದೆವು. ಅಣುತೂಕ 126.07 ಎಂದಿತ್ತು. ಹರಳಿನಲ್ಲಿ ಆಮ್ಲದ ಪ್ರತಿ ಅಣುವಿನ ಜೊತೆ ನೀರಿನ ಎರಡು ಅಣುಗಳಿರುತ್ತವೆ. ಆ ನೀರನ್ನು ನಾವು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಹಾಕಬೇಕಾದದ್ದು 6.3 ಗ್ರಾಂ, ಹಾಕಿದ್ದು 4.5. ನಮ್ಮ ದ್ರಾವಣ 0.1 ಅಲ್ಲ, ಬರೀ 0.07.

ಇನ್ನೊಂದು ವಿಷಯವೂ ಆಗಲೇ ಹೊಳೆಯಿತು. ತೇವ ಹೀರಿದ ಸೋಡಾ ದುರ್ಬಲವಾಗುತ್ತದೆಯೇ ಹೊರತು ಪ್ರಬಲವಾಗುವುದಿಲ್ಲ. ಅಣ್ಣನ ಸೋಡಾದಲ್ಲಿ ಕೊರತೆಯಿದ್ದಿದ್ದರೆ ರೀಡಿಂಗ್ 20ನ್ನು ದಾಟಬೇಕಿತ್ತು. ಅದು 14ಕ್ಕೆ ಇಳಿಯಬೇಕಾದರೆ ಲೀಟರಿಗೆ 4ರ ಬದಲು ಐದೂವರೆ ಗ್ರಾಂಗೂ ಹೆಚ್ಚು ಹಾಕಬೇಕು, ಅದೂ ಎರಡು ಸಲ ಅದೇ ತಪ್ಪು. ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಕೈ ಹಾಗೆ ತಪ್ಪುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಅನುಮಾನ ಹುಟ್ಟಿದ್ದು ಬ್ಯುರೆಟ್ಟಿನ ರೀಡಿಂಗಿನಿಂದಲ್ಲ, ಮನುಷ್ಯನ ಅಂತಸ್ತಿನಿಂದ.

ಎರಡು ದಿನ ನಾವು ಬಾಯಿ ಬಿಡಲಿಲ್ಲ. ಇಂಟರ್ನಲ್ ಅಂಕಗಳ ಹೆದರಿಕೆ. ಮೂರನೆಯ ದಿನ ಅಣ್ಣ ತಕ್ಕಡಿಯ ಮುಂದೆ ನಿಂತು ಒಂದೇ ತೂಕವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ತಮ್ಮ ಕೈಯ ಮೇಲೆ ಅವರಿಗೇ ಅನುಮಾನ ಬಂದಿತ್ತು. ಅದನ್ನು ನೋಡಲಾಗದೆ ಮೇಷ್ಟ್ರ ಬಳಿ ಹೋಗಿ ಹೇಳಿದೆವು. ಅವರು ನಕ್ಕುಬಿಟ್ಟರು. "ಪರವಾಗಿಲ್ಲ, ಹೀಗೆಯೇ ಕಲಿಯುವುದು" ಎಂದರು. ನಮ್ಮ ತಪ್ಪಿಗೆ ಸಿಕ್ಕಿದ್ದು ನಗು, ಅಣ್ಣನ ಸರಿಗೆ ಸಿಕ್ಕಿದ್ದು ಬೈಗುಳ. ಆ ಬೈಗುಳವನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಅಣ್ಣನ ಬಳಿ ಹೋಗಿ ಕ್ಷಮೆ ಕೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮೊದಲ ದಿನವೇ ಹೇಳಬಹುದಿತ್ತಲ್ಲ" ಎಂದಷ್ಟೇ ಅಂದು, ನಮ್ಮ ಹಳೆಯ ದ್ರಾವಣವನ್ನು ಸಿಂಕಿಗೆ ಚೆಲ್ಲಿ ಫ್ಲಾಸ್ಕ್ ತೊಳೆದು ಕೊಟ್ಟರು. ನಾವು 6.3 ಗ್ರಾಂ ತೂಗಿದೆವು. ಹೊಸ ಚೀಟಿಯಲ್ಲಿ ದ್ರಾವಣದ ಹೆಸರು, ಸಾರತೆ, ತಾರೀಕು ಬರೆದು, ಅವುಗಳ ಕೆಳಗೆ ನಮ್ಮಿಬ್ಬರ ಹೆಸರನ್ನೂ ಬರೆದೆವು. ತಪ್ಪಾದರೆ ಯಾರನ್ನು ಕೇಳಬೇಕೆಂಬುದು ಮುಂದಿನವರಿಗೆ ತಿಳಿಯಲಿ ಎಂದು.