ಸೋತವನ ಸಿಟ್ಟು

ಇವತ್ತು ಬೆಳಿಗ್ಗೆ ಕೊಣನೂರಿನ ಬಸ್ ನಿಲ್ದಾಣದಲ್ಲಿ ಒಬ್ಬ ಹುಡುಗ ಫೋನಿನಲ್ಲಿ ಪಿನ್‌ಬಾಲ್ ಆಡುತ್ತ ಕೂತಿದ್ದ. ಆಷಾಢದ ಜಿಟಿಜಿಟಿ ಮಳೆ. ಬೆರಳೂ ಒದ್ದೆ, ಗಾಜೂ ಒದ್ದೆ. ಚೆಂಡು ಉರುಳಿಕೊಂಡು ಕೆಳಗೆ ಬಂತು, ಹುಡುಗ ಎಡಗೈ ಹೆಬ್ಬೆರಳು ಒತ್ತಿದ, ಚೆಂಡನ್ನು ಮೇಲಕ್ಕೆ ಬಡಿಯುವ ಫ್ಲಿಪರ್ ಏಳಲಿಲ್ಲ. ಚೆಂಡು ನಡುವಿನ ಸಂದಿಯಲ್ಲಿ ಇಳಿದುಹೋಯಿತು. ಅವನು ಫೋನನ್ನು ಪ್ಯಾಂಟಿಗೆ ಒರೆಸಿಕೊಂಡು ಇನ್ನೊಂದು ಚೆಂಡು ಬಿಟ್ಟ. ಅದೂ ಹೋಯಿತು. ಮತ್ತೊಂದು ಬಿಟ್ಟ. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಅರಕಲಗೂಡಿನ ಬಸ್ಸು ಬಂದಾಗ ಚೆಂಡು ಇನ್ನೂ ಮೇಲೆ ಕುಣಿಯುತ್ತಿತ್ತು. ಹಾಗೇ ಜೇಬಿಗೆ ಹಾಕಿಕೊಂಡು ಹತ್ತಿಬಿಟ್ಟ.

ಅವನು ಆಡಿದ್ದಕ್ಕೆ ನನ್ನ ತಕರಾರಿಲ್ಲ, ಸೋತದ್ದಕ್ಕೂ ಇಲ್ಲ. ಸೋತರೂ ಅವನಿಗೆ ಸಿಟ್ಟು ಬರಲಿಲ್ಲವಲ್ಲ, ಅದು ನನ್ನ ಎದೆಯಲ್ಲಿ ಕಡ್ಡಿ ಆಡಿಸಿದಂತಾಯಿತು. ಆಟದಲ್ಲಿ ಸೋತ ಹುಡುಗನಿಗೆ ಸಿಟ್ಟು ಬರಬೇಕು. ಗೋಲಿ ಆಡಿ ಸೋತವನು ನೆಲ ಒದೆಯುತ್ತಿದ್ದ. ಕೇರಂನಲ್ಲಿ ರಾಣಿ ಬೀಳದಿದ್ದರೆ ಪೌಡರ್ ಸರಿಯಿಲ್ಲ ಎಂದು ಜಗಳ ತೆಗೆಯುತ್ತಿದ್ದ. ಸಿಟ್ಟು ಬಂತೆಂದರೆ ಆಟದ ಜೊತೆ ಅವನಿಗೊಂದು ಸಂಬಂಧವಿದೆ ಎಂದು ಲೆಕ್ಕ.

ಫೋನಿನ ಆಟ ಅಗ್ಗ, ಗೇಮ್ ಕನ್ಸೋಲ್ ದುಬಾರಿ, ಎರಡರಿಂದಲೂ ಕಣ್ಣು ಹಾಳು, ಓದು ಹಾಳು. ಇವೆಲ್ಲ ಎಲ್ಲರೂ ಆಡಿ ಮುಗಿಸಿದ ಮಾತು, ಬಿಡಿ. ಫೋನಿಗೆ ಸಲ್ಲಬೇಕಾದ ಒಂದು ಮೆಚ್ಚುಗೆಯನ್ನು ಮಾತ್ರ ಸಲ್ಲಿಸಿಯೇ ಮುಂದೆ ಹೋಗುತ್ತೇನೆ. ಪಿನ್‌ಬಾಲ್ ಮೇಜು ಉದ್ದುದ್ದ. ಎತ್ತಿ ನಿಲ್ಲಿಸಿ ಹಿಡಿದ ಫೋನೂ ಉದ್ದುದ್ದ. ಇಡೀ ಮೇಜು ಅದರಲ್ಲಿ ಒಪ್ಪವಾಗಿ ಕೂರುತ್ತದೆ. ಕನ್ಸೋಲ್ ಜೋಡಿಸುವ ಟಿವಿ ಅಡ್ಡಡ್ಡ, ಅದರಲ್ಲಿ ಮೇಜನ್ನು ಕುಗ್ಗಿಸಬೇಕು, ಇಲ್ಲವೇ ಚೆಂಡು ಹೋದ ಕಡೆ ಚಿತ್ರವನ್ನು ಓಡಿಸಬೇಕು. ಕಣ್ಣಿಗಾದರೆ ಫೋನೇ ಗೆದ್ದಿತು.

ಕೈಗೆ ಬಂದರೆ ಬೇರೆ ಕತೆ. ಫೋನಿನ ಗಾಜಿನ ಕೆಳಗೆ ಕಣ್ಣಿಗೆ ಕಾಣದ ತೆಳ್ಳನೆಯ ವಿದ್ಯುತ್ ಜಾಲವಿದೆ. ನಮ್ಮ ಚರ್ಮ ಹತ್ತಿರ ಬಂದಾಗ ಅಲ್ಲಿನ ವಿದ್ಯುದಂಶ ಒಂದಿಷ್ಟು ಬದಲಾಗುತ್ತದೆ. ಆ ಬದಲಾವಣೆಯನ್ನೇ ಅದು 'ಮುಟ್ಟಿದರು' ಎಂದು ಓದಿಕೊಳ್ಳುತ್ತದೆ. ಎಷ್ಟು ಬಲವಾಗಿ ಒತ್ತಿದಿರಿ ಎಂಬುದು ಅದಕ್ಕೆ ಬೇಡ. ನೀರಿನ ಹನಿ ಬಿದ್ದರೆ ಅದನ್ನೂ ಬೆರಳೆಂದುಕೊಂಡು ಗಲಿಬಿಲಿಯಾಗುತ್ತದೆ. ಗುಂಡಿಯ ಅಂಚು ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ, ಏಕೆಂದರೆ ಅಂಚೇ ಇಲ್ಲ. ಮೇಲಾಗಿ ಆಟದ ಪ್ರಾಣವೆಲ್ಲ ಇರುವುದು ಮೇಜಿನ ಕೆಳತುದಿಯಲ್ಲಿ, ಎರಡು ಫ್ಲಿಪರ್‌ಗಳ ಹತ್ತಿರ; ನಮ್ಮ ಹೆಬ್ಬೆರಳುಗಳು ಮರೆಮಾಡುವುದೂ ಅದೇ ಜಾಗವನ್ನು.

ಹಾಸನದಲ್ಲಿ ನಮ್ಮ ಸಂಬಂಧಿಕರ ಮನೆಯ ಹುಡುಗನೊಬ್ಬ ಕನ್ಸೋಲಿನಲ್ಲಿ ಇದೇ ಬಗೆಯ ಆಟ ಆಡುತ್ತಾನೆ. ಎರಡೂ ಕೈಯಲ್ಲಿ ಕಂಟ್ರೋಲರ್ ಹಿಡಿದಿರುತ್ತಾನೆ, ತೋರುಬೆರಳುಗಳು ಅದರ ಹೆಗಲ ಮೇಲಿನ ಗುಂಡಿಗಳ ಮೇಲೆ. ಗುಂಡಿ ಕೆಳಗಿಳಿಯುತ್ತದೆ, ಸ್ಪ್ರಿಂಗ್ ಬೆರಳನ್ನು ಮರಳಿ ಮೇಲಕ್ಕೆ ತಳ್ಳುತ್ತದೆ. ಚೆಂಡು ಬಂಪರಿಗೆ ಬಡಿದಾಗ ಒಳಗಿನ ಪುಟ್ಟ ಮೋಟರು ಅಂಗೈಗೆ ನಡುಕ ಕೊಡುತ್ತದೆ. ಕಂಟ್ರೋಲರಿನ ಮೇಲಿನ ಕಡ್ಡಿಯನ್ನು ಪಕ್ಕಕ್ಕೆ ಜಗ್ಗಿದರೆ ಪರದೆಯ ಮೇಲಿನ ಮೇಜೇ ಅಲುಗುತ್ತದೆ. ಆ ಹುಡುಗ ಸೋತರೆ 'ಅಯ್ಯೋ ಥತ್!' ಎಂದು ಕೂಗಿ ಕಂಟ್ರೋಲರನ್ನು ಸೋಫಾದ ಮೇಲೆ ಎಸೆಯುತ್ತಾನೆ. ಅವನಮ್ಮ ಬೈಯುತ್ತಾಳೆ. ನನಗೆ ಮಾತ್ರ ಅವನನ್ನು ಕಂಡರೆ ಸಂತೋಷ.

ನಮ್ಮ ಕಡೆಯ ಬಹಳ ಮಂದಿಗೆ ಈ ಆಟದ ಪರಿಚಯವಾದದ್ದು ಇವೆರಡರಲ್ಲೂ ಅಲ್ಲ. ತೊಂಬತ್ತರ ದಶಕದಲ್ಲಿ ಟಿವಿಗೆ ಸಿಕ್ಕಿಸುವ ಅಗ್ಗದ ವಿಡಿಯೋ ಗೇಮ್ ಪೆಟ್ಟಿಗೆಗಳು ಬಂದವು, 64 ಆಟಗಳ ಕ್ಯಾಸೆಟ್ಟಿನ ಜೊತೆ. ಅಂಥ ಕ್ಯಾಸೆಟ್ಟುಗಳೊಳಗೆ ನಿಂಟೆಂಡೊ 1984ರಲ್ಲಿ ತಂದ 'ಪಿನ್‌ಬಾಲ್' ಸಾಮಾನ್ಯವಾಗಿ ಇರುತ್ತಿತ್ತು. ಅದರ ಪ್ರೋಗ್ರಾಂ ಬರೆದವರು ಮುಂದೆ ಆ ಕಂಪನಿಯ ಅಧ್ಯಕ್ಷರಾದ ಸಟೋರು ಇವಾಟಾ. ಆಮೇಲೆ ಕಂಪ್ಯೂಟರ್ ಸೆಂಟರುಗಳ ಕಾಲ. ವಿಂಡೋಸ್ ಎಕ್ಸ್‌ಪಿ ಇದ್ದ ಕಡೆಯಲ್ಲೆಲ್ಲ 'ಸ್ಪೇಸ್ ಕೆಡೆಟ್' ಇರುತ್ತಿತ್ತು. ಝಡ್ ಕೀಲಿ ಎಡ ಫ್ಲಿಪರ್‌ಗೆ, ಓರೆಗೀಟಿನ ಕೀಲಿ ಬಲಕ್ಕೆ, ಸ್ಪೇಸ್‌ಬಾರ್ ಚೆಂಡು ಚಿಮ್ಮಿಸುವುದಕ್ಕೆ. ಟ್ಯಾಲಿ ಕಲಿಯಲು ಬಂದ ಹುಡುಗರು ಆ ಎರಡು ಕೀಲಿಗಳ ಅಕ್ಷರ ಅಳಿಸಿಹೋಗುವಂತೆ ಬಡಿದಿದ್ದರು. ವಿಸ್ಟಾ ಬರುವ ಹೊತ್ತಿಗೆ ಆ ಆಟವನ್ನು ಕೈಬಿಟ್ಟರು. ಕಾರಣವನ್ನು ಮೈಕ್ರೋಸಾಫ್ಟಿನ ರೇಮಂಡ್ ಚೆನ್ ಬರೆದಿದ್ದಾರೆ: 64 ಬಿಟ್‌ಗೆ ಹೊಂದಿಸಲು ಹೋದಾಗ ಡಿಕ್ಕಿಯ ಲೆಕ್ಕ ಕೆಟ್ಟು, ಚೆಂಡು ಯಾವುದಕ್ಕೂ ತಾಗದೆ ಎಲ್ಲದರೊಳಗಿಂದಲೂ ತೂರಿ ಕೆಳಗೆ ಬಿದ್ದುಹೋಗುತ್ತಿತ್ತಂತೆ. ಯಾವುದಕ್ಕೂ ತಾಗದ ಚೆಂಡನ್ನು ಇಟ್ಟುಕೊಂಡು ಏನು ಮಾಡುವುದು? ಕೈಬಿಟ್ಟದ್ದೇ ಸರಿ.

ಇನ್ನು ನಾನು ಬಹಳ ದಿನದಿಂದ ಹೇಳಬೇಕೆಂದಿರುವ ಮಾತು, ತಳ್ಳುವುದರ ಬಗ್ಗೆ. ನಿಜವಾದ ಪಿನ್‌ಬಾಲ್ ಯಂತ್ರದಲ್ಲಿ ಉಕ್ಕಿನ ಚೆಂಡು ಸುಮಾರು 27 ಮಿಲಿಮೀಟರ್ ದಪ್ಪ, 80 ಗ್ರಾಂ ತೂಕ. ಮೇಜಿನ ಇಳಿಜಾರು ಆರೂವರೆ ಡಿಗ್ರಿ. ಆಟ ಮೊದಲಾದದ್ದು ಬರಿಯ ಮೊಳೆ ಹೊಡೆದ ಹಲಗೆಯಿಂದ, ಬ್ಯಾಗಟೆಲ್ ಎಂಬ ಹೆಸರಿನಲ್ಲಿ. ಅಮೆರಿಕದಲ್ಲಿ ನೆಲೆಸಿದ್ದ ಮಾಂಟೇಗ್ ರೆಡ್‌ಗ್ರೇವ್ ಎಂಬಾತ 1871ರಲ್ಲಿ ಪಡೆದ ಪೇಟೆಂಟಿನಿಂದ ಸ್ಪ್ರಿಂಗಿನ ಚಿಮ್ಮುಗೋಲು ಬಂತು. ಫ್ಲಿಪರ್ ಬಂದದ್ದು ಬಹಳ ತಡವಾಗಿ, 1947ರಲ್ಲಿ, ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಯಂತ್ರದಲ್ಲಿ. ಅಲ್ಲಿಯವರೆಗೆ ಚೆಂಡು ಚಿಮ್ಮಿಸಿದ ಮೇಲೆ ಆಡುವವನಿಗೆ ಉಳಿದದ್ದು ಒಂದೇ ದಾರಿ: ಮೇಜನ್ನು ತಳ್ಳುವುದು, ಕುಲುಕುವುದು, ಸೊಂಟ ಕೊಟ್ಟು ಒಂದಿಷ್ಟು ಆಚೆ ಸರಿಸುವುದು. ಯಂತ್ರದ ಮಾಲೀಕರು ಇದನ್ನು ಸಹಿಸಲಿಲ್ಲ. ಆಗ ಹ್ಯಾರಿ ವಿಲಿಯಮ್ಸ್ ಎಂಬ ಕುಶಲಿ 'ಟಿಲ್ಟ್' ಕಂಡುಹಿಡಿದ. ಈಗ ಬಳಕೆಯಲ್ಲಿರುವ ರೂಪದಲ್ಲಿ ಅದು ಒಂದು ಲೋಲಕ: ಲೋಹದ ಉಂಗುರದ ನಡುವೆ ತೂಗುಬಿದ್ದ ಒಂದು ಗುಂಡು. ಮೆಲ್ಲಗೆ ತಳ್ಳಿದರೆ ಗುಂಡು ಉಂಗುರದೊಳಗೇ ತೂಗುತ್ತದೆ. ಜೋರಾಗಿ ತಳ್ಳಿದರೆ ಹೋಗಿ ಉಂಗುರಕ್ಕೆ ತಾಗುತ್ತದೆ, ಸರ್ಕ್ಯೂಟ್ ಕೂಡುತ್ತದೆ, ಫ್ಲಿಪರ್‌ಗಳು ಸತ್ತುಬೀಳುತ್ತವೆ. ಚೆಂಡು ಇಳಿದುಹೋಗುವುದನ್ನು ನೋಡುತ್ತ ನಿಲ್ಲಬೇಕು.

ಆಟದ ವಸ್ತುಗಳಲ್ಲಿ ಇದಕ್ಕಿಂತ ನ್ಯಾಯವಾದದ್ದನ್ನು ನಾನು ಕಾಣೆ. ತಳ್ಳಲೇಬೇಡ ಎಂದು ಯಂತ್ರ ಹೇಳುವುದಿಲ್ಲ. ಇಷ್ಟರವರೆಗೆ ತಳ್ಳು, ಅದರಾಚೆ ನಿನ್ನದೇ ನಷ್ಟ ಎನ್ನುತ್ತದೆ. ಆ 'ಇಷ್ಟು' ಎಷ್ಟೆಂದು ಯಾವ ಪುಸ್ತಕದಲ್ಲೂ ಇಲ್ಲ. ಪ್ರತಿ ಮೇಜಿಗೂ ಬೇರೆ. ಅಂಗೈ, ಸೊಂಟ, ಪಾದ ಸೇರಿ ಕಲಿಯಬೇಕು. ನಮ್ಮ ಮನೆಯಲ್ಲಿದ್ದ ಮೊಳೆ ಹಲಗೆಯಲ್ಲೂ ಇದೇ ನಡೆಯುತ್ತಿತ್ತು. ನೂರರ ಗುಳಿಯ ಬಾಯಿಗೆ ಬಂದು ಗೋಲಿ ನಿಂತರೆ ಹಲಗೆಯ ಮೂಲೆಯನ್ನು ಒಂದು ಕೂದಲೆಳೆ ಎತ್ತುವವರು, 'ಎತ್ತಿದೆ ನೀನು, ನಾನು ನೋಡಿದೆ' ಎನ್ನುವವರು, ಅಲ್ಲಿಂದ ಕೈ ಕೈ ಮಿಲಾಯಿಸುವವರೆಗೆ. ಫೋನಿನ ಆಟದಲ್ಲೂ ತಳ್ಳುವ ಏರ್ಪಾಡಿದೆ: ಗಾಜಿನ ಮೇಲೆ ಬೆರಳು ಸವರಬೇಕು, ಇಲ್ಲವೇ ಫೋನನ್ನೇ ಕುಲುಕಬೇಕು. ಕುಲುಕಿದರೆ ನೋಡುವ ಚಿತ್ರವೂ ಕುಲುಕುತ್ತದೆ. ಸವರುವುದನ್ನು ತಳ್ಳುವುದು ಎಂದು ನನ್ನ ಕೈ ಒಪ್ಪುವುದಿಲ್ಲ.

ಇದು ಅದೃಷ್ಟದ ಆಟ, ಜೂಜು ಎಂದು ನ್ಯೂಯಾರ್ಕ್ ನಗರ 1942ರಲ್ಲಿ ಪಿನ್‌ಬಾಲನ್ನು ನಿಷೇಧಿಸಿತ್ತು. 1976ರಲ್ಲಿ ರೋಜರ್ ಶಾರ್ಪ್ ಎಂಬ ಪತ್ರಕರ್ತ ನಗರಸಭೆಯವರ ಎದುರೇ ಯಂತ್ರ ಆಡಿ, ಚೆಂಡು ಹೋಗುವ ದಾರಿಯನ್ನು ಮೊದಲೇ ಹೇಳಿ ತೋರಿಸಿದ ಮೇಲೆ ನಿಷೇಧ ಹೋಯಿತು. ಕೌಶಲವೋ ಅದೃಷ್ಟವೋ ಎಂಬ ಅದೇ ವಾದ ಬೆಂಗಳೂರಿನಲ್ಲೂ ನಡೆದದ್ದು ಓದುಗರಿಗೆ ನೆನಪಿರಬಹುದು. ಹಣ ಪಣವಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿ ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದು ಮಾಡಿತು. ನನ್ನ ಮಟ್ಟಿಗೆ ಪ್ರಶ್ನೆ ಇಷ್ಟೇ: ಸೋತಾಗ ತಪ್ಪು ಕೈಯದೋ ಅಲ್ಲವೋ?

ಸಭಾಪರ್ವದ ಭೀಮನಿಗೆ ಈ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಅಣ್ಣ ದ್ರೌಪದಿಯನ್ನೂ ಪಣವಿಟ್ಟು ಸೋತ ಮೇಲೆ ಭೀಮನ ಕಣ್ಣು ಮೊದಲು ಹೋಗುವುದು ಶಕುನಿಯ ಮೇಲಲ್ಲ, ಅಣ್ಣನ ತೋಳುಗಳ ಮೇಲೆ. ಸಹದೇವನಿಗೆ ಬೆಂಕಿ ತಾ ಎನ್ನುತ್ತಾನೆ, ಇವನ ತೋಳು ಸುಡುತ್ತೇನೆ ಎನ್ನುತ್ತಾನೆ. ಅರ್ಜುನ ತಡೆಯದಿದ್ದರೆ ಏನಾಗುತ್ತಿತ್ತೋ. ಮಹಾಭಾರತ ಓದುವಾಗಲೆಲ್ಲ ಆ ಜಾಗದಲ್ಲಿ ನಾನು ನಿಲ್ಲುತ್ತೇನೆ. ಮೋಸದ ದಾಳ, ಕ್ಷತ್ರಿಯ ಧರ್ಮ, ವಿಧಿ, ಎಲ್ಲ ವಾದಗಳೂ ಅಲ್ಲಿವೆ. ತಮ್ಮನ ಸಿಟ್ಟು ಮಾತ್ರ ನೇರವಾಗಿ ಆಡಿದ ಕೈಗೇ ಹೋಗಿ ನಿಲ್ಲುತ್ತದೆ. ಕೈ ಮಾಡಿದ್ದಕ್ಕೆ ಕೈ ಹೊಣೆ. ಆ ಬಸ್ ನಿಲ್ದಾಣದ ಹುಡುಗ ಯಾವುದರ ಮೇಲೆ ಸಿಟ್ಟಾಗಬೇಕು? ಅವನ ಕೈ ಸರಿಯಾದ ಹೊತ್ತಿಗೇ ಒತ್ತಿತ್ತು. ಗಾಜಿಗೆ ಅದು ತಿಳಿಯಲಿಲ್ಲ. ಹೊಣೆಯೂ ಅವನದಲ್ಲ, ಹಾಗಾಗಿ ಸಿಟ್ಟೂ ಅವನದಾಗಲಿಲ್ಲ.

ಕೈ ಎಂದೊಡನೆ ನಮ್ಮೂರಿನ ಸುತ್ತಿನ ಕೈಗಳು ಕಣ್ಣ ಮುಂದೆ ಬರುತ್ತವೆ. ಈ ಕಡೆ ಕಾವೇರಿಯ ಎರಡೂ ದಡದಲ್ಲಿ ವರ್ಜೀನಿಯಾ ಹೊಗೆಸೊಪ್ಪು. ಹರಾಜು ಮಾರುಕಟ್ಟೆ ಪಕ್ಕದ ರಾಮನಾಥಪುರದಲ್ಲೇ ಇದೆ. ಸೊಪ್ಪು ಮುರಿಯುವ ಕಾಲ ಬಂತೆಂದರೆ ಹಸಿ ಎಲೆಯ ಅಂಟು ಹೆಂಗಸರ ಅಂಗೈಗೆ ಹತ್ತಿ, ಒಣಗಿ, ಕರ್ರಗೆ ಪದರ ಕಟ್ಟುತ್ತದೆ. ಉಗುರಿನ ಸಂದಿ, ಬೆರಳಿನ ಗೆರೆ, ಎಲ್ಲ ಕಡೆಯೂ ಕಪ್ಪು. ಸೋಪಿಗೆ ಜಗ್ಗುವುದಿಲ್ಲ. ಆ ಕೈಯಲ್ಲೇ ಸೊಪ್ಪನ್ನು ಕಡ್ಡಿಗೆ ಕಟ್ಟಿ, ಸೊಪ್ಪು ಹದಮಾಡುವ ಬ್ಯಾರನ್ನಿಗೆ ಏರಿಸಿ, ಸಂಜೆ ಮಗ ಫೋನ್ ಮಾಡಿದರೆ ಗಾಜಿನ ಮೇಲೆ ಹಸಿರು ಗುರುತನ್ನು ಎಳೆದೆಳೆದು ಸುಸ್ತಾಗುತ್ತಾರೆ. ಎಳೆದಷ್ಟೂ ಅದು ಜಾರುತ್ತದೆ, ಅಷ್ಟರಲ್ಲಿ ರಿಂಗು ನಿಂತಿರುತ್ತದೆ. ಗುಂಡಿಯಿದ್ದ ಹಳೆಯ ಫೋನಿನಲ್ಲಿ ಈ ಕಷ್ಟವಿರಲಿಲ್ಲ.

ನ್ಯಾಯಬೆಲೆ ಅಂಗಡಿಯದು ಇನ್ನೂ ಕಷ್ಟ. ಅಲ್ಲಿಯ ಗಾಜು ಬೆರಳಿನ ಗೆರೆಗಳನ್ನೇ ಓದುತ್ತದೆ, ಕಳೆ ಕಿತ್ತು, ಸೌದೆ ಹೊತ್ತು, ಪಾತ್ರೆ ಉಜ್ಜಿ ಸವೆದ ಬೆರಳುಗಳಲ್ಲಿ ಗೆರೆಯೇ ಇರುವುದಿಲ್ಲ. 'ಥಂಬ್ ತಗೊಳ್ತಿಲ್ಲ ಅಜ್ಜಿ, ಇನ್ನೊಂದು ಬೆರಳು ಇಡಿ' ಎನ್ನುತ್ತಾರೆ. ಅಜ್ಜಿ ಸೆರಗಿನಲ್ಲಿ ಒರೆಸಿಕೊಂಡು ಒಂದೊಂದೇ ಬೆರಳು ಇಡುತ್ತಾಳೆ, ತಾನೇ ಏನೋ ತಪ್ಪು ಮಾಡಿದವಳ ಹಾಗೆ ಮುಖ ಮಾಡಿಕೊಂಡು. ಇಲ್ಲಿ ಸಿಟ್ಟು ಬರಬೇಕಾದದ್ದು ನಮಗೆ. ಜೀವಮಾನವಿಡೀ ದುಡಿದದ್ದೇ ಆ ಕೈಯ ಗುರುತು. ಆ ಗುರುತನ್ನು ಓದಲಾರದ ಯಂತ್ರವನ್ನು ಅದರ ಮುಂದೆ ಇಟ್ಟವರು ಇನ್ನೊಂದು ದಾರಿಯನ್ನೂ ತೆರೆದಿಡಬೇಕು. ಓಟಿಪಿ ಎಂಬ ದಾರಿ ಇದೆ, ನಿಜ. ಅದಕ್ಕೂ ಮತ್ತೆ ಫೋನು ಬೇಕು.

ಗುಂಡಿ ಬಲ್ಲ ಕೈ ನೋಡಬೇಕೆಂದರೆ ನಮ್ಮ ಸಾರಿಗೆ ಬಸ್ಸಿನ ಕಂಡಕ್ಟರನ್ನು ನೋಡಿ. ಒಂದು ಮೊಣಕೈ ಸೀಟಿನ ಕಂಬಿಗೆ ಆನಿಸಿ, ಬಸ್ಸು ಕೇರಳಾಪುರದ ತಿರುವಿನಲ್ಲಿ ವಾಲುತ್ತಿರುವಾಗಲೇ, ಮುಖ ನೋಡಿ ಮಾತಾಡುತ್ತ, ಹೆಬ್ಬೆರಳಿನಲ್ಲಿ ಟಿಕೆಟ್ ಯಂತ್ರದ ಗುಂಡಿಗಳನ್ನು ಕಟಕಟ ಒತ್ತುತ್ತಾರೆ. ಯಂತ್ರದ ಕಡೆ ಕಣ್ಣೇ ಹೋಗುವುದಿಲ್ಲ. ಆ ಕೈಗೆ ಗುಂಡಿಗಳ ನಕ್ಷೆ ಬಾಯಿಪಾಠ. ಈಗೀಗ ಬರುತ್ತಿರುವ ಹೊಸ ಟಿಕೆಟ್ ಯಂತ್ರಗಳಿಗೆ ಗಾಜಿನ ಮುಖ. ಯುಪಿಐ ಬರುತ್ತದೆ, ಚಿಲ್ಲರೆ ಜಗಳ ತಪ್ಪುತ್ತದೆ, ಒಳ್ಳೆಯದೇ. ಕಂಡಕ್ಟರು ಮಾತ್ರ ಇನ್ನು ಬಗ್ಗಿ ನೋಡಿಯೇ ಒತ್ತಬೇಕು.

ಬೆಳಿಗ್ಗೆ ಆ ಹುಡುಗನನ್ನು ನೋಡಿದ ಬೇಸರದಲ್ಲಿ ನಾನು ನೇರ ಹೋದದ್ದು ನಮ್ಮ ಬೀದಿಯ ಬಡಗಿಯ ಹತ್ತಿರ. ಮೊಳೆ ಹಲಗೆ ಒಂದು ಬೇಕು, ಎರಡಡಿ ಉದ್ದ, ಅಂಗೈಯಗಲದ ಅಂಚು, ಎಂದೆ. ಸಿಲ್ವರ್ ಓಕ್ ಮಳೆಗಾಲದಲ್ಲಿ ಸೊಟ್ಟಗಾಗುತ್ತದೆ, ಹಲಸಿನದೇ ಆಗಲಿ ಎಂದರು. ಆರೂವರೆ ಡಿಗ್ರಿ ಅಂದರೆ ಎಷ್ಟು ಎಂದು ಕೇಳಿದರು. ಎರಡಡಿಗೆ ಮೇಲ್ತುದಿ ಎರಡೂ ಮುಕ್ಕಾಲು ಅಂಗುಲ ಎತ್ತರ ಎಂದು ಲೆಕ್ಕ ಹಾಕಿ ಕೊಟ್ಟೆ. ಚೆಂಡಿಗೆ ಚಿಂತೆಯಿಲ್ಲ, ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಹಳೆಯ ಬೇರಿಂಗು ಸಿಗುತ್ತದೆ. ಸ್ಪ್ರಿಂಗಿನ ವಿಷಯದಲ್ಲಿ ಸ್ವಲ್ಪ ಚರ್ಚೆಯಾಯಿತು. ಮೊಪೆಡ್ಡಿನ ಸ್ಟ್ಯಾಂಡಿನದು ಎಳೆಯುವ ಸ್ಪ್ರಿಂಗು, ನಮಗೆ ಬೇಕಾದದ್ದು ಅದುಮುವುದು. ಬೈಕಿನ ಕಾರ್ಬೊರೇಟರಿನೊಳಗಿನದು ಉದ್ದವಾಗಿ, ಮೃದುವಾಗಿ ಇರುತ್ತದೆ, ಅದು ಹೊಂದಬಹುದು ಎಂದು ತೀರ್ಮಾನವಾಗಿದೆ. ಹಲಗೆಗೆ ಕಾಲು ಹೊಡೆದು ಭದ್ರ ಮಾಡಿಕೊಡುತ್ತೇನೆ ಎಂದು ಅವರು ಪಟ್ಟು ಹಿಡಿದಿದ್ದಾರೆ. ಕಾಲು ಬೇಡ, ಅಡಿಗೆ ಎರಡು ತುಂಡು ಮರ ಕೊಟ್ಟು ಸುಮ್ಮನೆ ನೆಲದ ಮೇಲೆ ಇಡುವ ಹಾಗೆ ಮಾಡಿ, ಹುಡುಗರಿಗೆ ತಳ್ಳಲು ಬರಬೇಕು ಎಂದು ನಾನು ಹೇಳಿ ಬಂದಿದ್ದೇನೆ.