ಸೊನ್ನೆಯಲ್ಲೇ ಮಲಗಿದ ಮುಳ್ಳು

ಸಿನಿಮಾ ಪತ್ರಿಕೆಯಲ್ಲಿ ಎಂಜಿನ್ ಆಯಿಲ್ ಕಥೆ ಯಾಕಪ್ಪಾ ಎಂದು ಪುಟ ಮಗುಚಬೇಡಿ ಸ್ವಾಮಿ. ಇದರಲ್ಲೂ ಒಬ್ಬ ನಾಯಕಿ ಇದ್ದಾಳೆ. ವಯಸ್ಸು ಐವತ್ತು ದಾಟಿದೆ. ಚೌಕಳಿ ಗ್ರಿಲ್ಲಿನ ಅಂಬಾಸಿಡರ್ ಮಾರ್ಕ್ 2. ಖಳನಾಯಕನೂ ಇದ್ದಾನೆ... ಅವನು ನಾನೇ!

ಸಂಗತಿ 2025ರ ಜನವರಿಯದು. ‘ಕಾಂತಾರ’ 2022ರಲ್ಲಿ ತೆರೆಗೆ ಬಂದು ದೇಶವೆಲ್ಲ ಓಡಿದ ಮೇಲೆ ನಮ್ಮ ಕುಂದಾಪುರ ಸೀಮೆಯ ಹಂಚಿನ ಮನೆ, ಅಡಿಕೆ ತೋಟ, ಹಳೇ ಕೊಟ್ಟಿಗೆಗೂ ಮರ್ಯಾದೆ ಬಂದಿದೆ. ಒಂದು ಚಿತ್ರತಂಡ ಹಳೇ ಕಾರು ಹುಡುಕುತ್ತಿತ್ತು. ಅವರ ಮ್ಯಾನೇಜರ್ ನನಗೆ ಪರಿಚಯ. ಎರಡು ದಿನಕ್ಕೆ ಎಂಟು ಸಾವಿರ ಬಾಡಿಗೆ ಎಂದ. ನನಗೆ ತಕ್ಷಣ ನೆನಪಾದದ್ದು ಸಾಲಿಗ್ರಾಮದ ಮಾವನ ಮನೆ.

ಮಾವ ಅದರಲ್ಲೇ ಬಾಡಿಗೆ ಹೊಡೆದು ಸಂಸಾರ ನಡೆಸಿದವರು. ಹೆರಿಗೆ ನೋವಿನವರನ್ನು ಮಣಿಪಾಲಕ್ಕೆ, ಮದುಮಗಳನ್ನು ಗಂಡನ ಮನೆಗೆ, ಹರಕೆಯವರನ್ನು ಗುರುನರಸಿಂಹನ ಬಾಗಿಲಿಗೆ ಮುಟ್ಟಿಸಿದ ಗಾಡಿ. ಉತ್ತರಪಾರಾದ ಕಾರ್ಖಾನೆ ಅಂಬಾಸಿಡರ್ ತಯಾರಿಸುವುದನ್ನು ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಮಾವ ಹೋದದ್ದು ಅದೇ ವರ್ಷದ ಆಷಾಢದಲ್ಲಿ. ಅಲ್ಲಿಂದ 11 ಮಳೆಗಾಲ ಅದು ಕೊಟ್ಟಿಗೆಯಲ್ಲಿ ತೆಂಗಿನ ಗರಿ, ಕಟ್ಟಿಗೆ ಹೊತ್ತು ನಿಂತಿತ್ತು. ಪಡುವಣದಿಂದ ಉಪ್ಪು ಗಾಳಿ ಬೇರೆ. ಬೆಂಗಳೂರಿನಲ್ಲಿರುವ ಮಗ ಗುಜರಿಯವನಿಗೆ ಮಾತು ಕೊಟ್ಟೂ ಆಗಿತ್ತು. ಅತ್ತೆ ನನಗೆ ಹೇಳಿದ್ದು ಇಷ್ಟೇ: “ಮಾಣಿ, ಓಡ್ರೆ ಉಳ್ಸುವ. ಓಡ್ದಿದ್ರೆ ಅವ ತಕಂಡ್ ಹೋಗ್ಲಿ.”

ನನಗೋ ಅವಸರ. ಅವಸರದಲ್ಲೇ ಪಿಯುಸಿ ಬಿಟ್ಟವನು ನಾನು. ಫಿಸಿಕ್ಸಿನಲ್ಲಿ ಒತ್ತಡದ ಪಾಠ ನಡೆದ ದಿನ ನಾನು ಮ್ಯಾಟಿನಿಯಲ್ಲಿದ್ದೆ! ಹಳೇ ಪೆಟ್ರೋಲು ಚೆಲ್ಲಿ ಹೊಸದು ಹಾಕಿದೆ, ಹೊಸ ಬ್ಯಾಟರಿ ಕೂರಿಸಿದೆ, ಪ್ಲಗ್ಗು ಉಜ್ಜಿದೆ. ಡಿಪ್‌ಸ್ಟಿಕ್ ಎಳೆದು ನೋಡಿದರೆ ಆಯಿಲ್ ಗೆರೆಯವರೆಗೂ ಇದೆ. ಇನ್ನೇನು ಬೇಕು? ಸ್ಟಾರ್ಟರ್ ಎಳೆದೆ. ನಾಲ್ಕನೇ ಸಲಕ್ಕೆ ಕೆಮ್ಮಿ, ಕೊಟ್ಟಿಗೆ ತುಂಬ ಬಿಳಿ ಹೊಗೆ ಬಿಟ್ಟು ಎಂಜಿನ್ ಹತ್ತಿಕೊಂಡಿತು. ಅತ್ತೆ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಹಿನ್ನೆಲೆ ಸಂಗೀತ ಒಂದು ಬಾಕಿ.

ಮಾವ ಡ್ಯಾಶ್‌ಬೋರ್ಡಿನ ಕೆಳಗೆ ಪ್ರತ್ಯೇಕವಾಗಿ ಒಂದು ಆಯಿಲ್ ಗೇಜ್ ಕೂರಿಸಿದ್ದರು. ಅದರ ಮುಳ್ಳು ಸೊನ್ನೆಯಲ್ಲಿ ಮಲಗಿತ್ತು. ಹತ್ತು ಸೆಕೆಂಡ್ ಆಯಿತು, ಏಳಲಿಲ್ಲ. ಸ್ವಲ್ಪ ಜೋರು ಮಾಡಿದರೆ ಎದ್ದೀತು ಎಂದು ನಾನು ಆಕ್ಸಿಲರೇಟರ್ ತುಳಿದೆ ನೋಡಿ... ಮೇಲಿನಿಂದ ಟಕಟಕ ಟಕಟಕ ಎಂದು ಒಣ ಸದ್ದು.

“ಬಂದ್ ಮಾಡ್ ಮಾರಾಯಾ! ಮೊದ್ಲ್ ಬಂದ್ ಮಾಡ್!”

ಬೇಲಿಯಾಚೆಯಿಂದ ಓಡಿ ಬಂದವರು ನಮ್ಮ ಮೇಸ್ತ್ರಿ. ಎಪ್ಪತ್ತು ದಾಟಿದೆ, ಗ್ಯಾರೇಜು ಮುಚ್ಚಿ ವರ್ಷಗಳಾಗಿವೆ. ಕೀ ತಿರುಗಿಸಿ ತೆಗೆದು ತಮ್ಮ ಕಿಸೆಗೆ ಹಾಕಿಕೊಂಡರು. “ಮುಳ್ಳ್ ಏಳ್ದೆ ಎಂಜಿನ್ ಎಬ್ಬುಸುಕಾಗ. ಪಂಪ್‌ಸೆಟ್ಟಿಗೆ ನೀರ್ ಕುಡ್ಸ್ದೆ ಸ್ವಿಚ್ ಹಾಕ್ತ್ಯಾ ನೀನ್?”

ಅಷ್ಟು ಹೇಳಿದ್ದೇ ತಡ, ನನ್ನ ತಲೆಗೆ ಹೊಳೆಯಿತು. ನಮ್ಮ ಕಡೆ ತೋಟದ ಬಾವಿ ಇರುವವರಿಗೆಲ್ಲ ಗೊತ್ತು. ಫುಟ್‌ವಾಲ್ವಿನಲ್ಲಿ ನೀರು ಇಳಿದುಹೋದರೆ ಪಂಪು ಏರ್ ಹಿಡಿಯುತ್ತದೆ. ಬಾವಿ ತುಂಬಿದ್ದರೂ ಹನಿ ನೀರು ಮೇಲೆ ಬರುವುದಿಲ್ಲ. ಕೊಡದಲ್ಲಿ ನೀರು ಹೊಯ್ದು ಪಂಪಿಗೆ ಕುಡಿಸಬೇಕು. ಈ ಎಂಜಿನ್ನಿನಲ್ಲೂ ಹಾಗೇ. ಆಯಿಲ್ ಇರುವುದು ಕೆಳಗೆ ಸಂಪಿನಲ್ಲಿ. ಪಂಪು ಅದಕ್ಕಿಂತ ಮೇಲೆ. ವರ್ಷಗಟ್ಟಲೆ ನಿಂತರೆ ಪಂಪಿನೊಳಗಿನ ಎಣ್ಣೆಯೆಲ್ಲ ತೊಟ್ಟಿಕ್ಕಿ ಸಂಪಿಗೆ ಇಳಿದು, ಒಣಗಿದ ಪಂಪು ಬರೀ ಗಾಳಿ ತಿರುವುತ್ತದೆ. ಡಿಪ್‌ಸ್ಟಿಕ್ಕು ತೋರಿಸುವುದು ಬಾವಿಯ ನೀರನ್ನು. ಗೇಜು ತೋರಿಸುವುದು ನಲ್ಲಿಯ ನೀರನ್ನು. ನಾನು ಬಾವಿ ನೋಡಿ ಸಂತೋಷಪಟ್ಟವನು.

ಕ್ರ್ಯಾಂಕ್‌ಶಾಫ್ಟ್ ಬೇರಿಂಗಿನ ಮೇಲೆ ತಿರುಗುತ್ತದೆ ಅನ್ನುತ್ತೇವೆ. ಸರಿಯಾಗಿ ನೋಡಿದರೆ ಅದು ತಿರುಗುವುದು ಎಣ್ಣೆಯ ತೆಳು ಪೊರೆಯ ಮೇಲೆ. ಪೊರೆ ಇಲ್ಲದಿದ್ದರೆ ಲೋಹಕ್ಕೆ ಲೋಹ. ನಾನು ಓಡಿಸಿದ್ದು ಅರ್ಧ ನಿಮಿಷ ಇರಬಹುದು. ಅಷ್ಟು ಸಾಕಾ ಹಾಳಾಗಲು ಎಂದು ಕೇಳಿದೆ. ಮೇಸ್ತ್ರಿ ಉತ್ತರ ಕೊಡಲಿಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ. ಮ್ಯಾನೇಜರ್ ಮೂರು ಸಲ ಫೋನ್ ಮಾಡಿದ. ತೆಗೆಯಲಿಲ್ಲ.

ಮಾರನೇ ದಿನ ಪರೀಕ್ಷೆ ಶುರು. ಮೇಸ್ತ್ರಿಯ ಲೆಕ್ಕ, ಕಾಸು ಖರ್ಚಿಲ್ಲದ್ದು ಮೊದಲು. ಮೊದಲಿಗೆ ಗೇಜೇ ಸುಳ್ಳು ಹೇಳುತ್ತಿರಬಹುದಲ್ಲ? ಬ್ಲಾಕಿನ ಹತ್ತಿರ ಗೇಜಿನ ಸಪೂರ ಪೈಪು ಬಿಚ್ಚಿ, ನಾಲ್ಕೂ ಪ್ಲಗ್ಗು ಕಳಚಿಟ್ಟು, ಸ್ಟಾರ್ಟರಿನಲ್ಲಿ ಎಂಜಿನ್ ತಿರುಗಿಸಿದರು. ಪ್ಲಗ್ಗಿಲ್ಲದಿದ್ದರೆ ಬೇರಿಂಗಿನ ಮೇಲೆ ಭಾರ ಬೀಳುವುದಿಲ್ಲ. ರಂಧ್ರದಲ್ಲಿ ಹನಿ ಎಣ್ಣೆ ಇಲ್ಲ. ಗೇಜು ಸತ್ಯಹರಿಶ್ಚಂದ್ರ!

ಆಮೇಲೆ ರಿಲೀಫ್ ವಾಲ್ವ್. ಎಂಜಿನ್ನಿನ ಎಡಗಡೆ, ಹಿಂಬದಿಯಲ್ಲಿ ಬೋರಲು ಹಾಕಿದ ಬಟ್ಟಲಿನಂಥ ಒಂದು ನಟ್ಟು. ಬಿಚ್ಚಿದರೆ ಒಳಗೆ ಸ್ಪ್ರಿಂಗು, ಅದರ ತುದಿಗೆ ಪುಟ್ಟ ಲೋಟ. ಒತ್ತಡ ಮಿತಿಮೀರಿದರೆ ಅದು ಸರಿದು ಎಣ್ಣೆಯನ್ನು ಸಂಪಿಗೆ ಬಿಡುತ್ತದೆ. ಕಸ ಸಿಕ್ಕಿ ತೆರೆದೇ ಉಳಿದರೆ ಒತ್ತಡ ನಿಲ್ಲುವುದೇ ಇಲ್ಲ. ಸೀಮೆಎಣ್ಣೆಯಲ್ಲಿ ತೊಳೆದು ನೋಡಿದರು. ಸರಾಗವಾಗಿ ಜಾರುತ್ತಿತ್ತು. ಅದೂ ಅಲ್ಲ.

ಕೊನೆಗೆ ಚೈನ್‌ಬ್ಲಾಕ್ ಹಾಕಿ ಎಂಜಿನ್ ತುಸು ಎತ್ತಿ ಸಂಪು ಇಳಿಸಿದರು. ಅಬ್ಬಾ! ತಳದಲ್ಲಿ ಎರಡು ಬೆರಳು ದಪ್ಪ ಕಪ್ಪು ಕೆಸರು, ನಮ್ಮ ಹಲಸಿನ ಮೇಣದ ಹಾಗೆ. ಪಂಪಿನ ಜಾಲರಿ ಪೂರ್ತಿ ಮುಚ್ಚಿಹೋಗಿತ್ತು. ಪಂಪಿನೊಳಗೆ ಹಿಡಿಸುಡಿ ಕಡ್ಡಿ ತೂರಿಸಿದೆ, ಒಣಕಲು. ಅಂದರೆ ಬಾವಿಗೂ ಕೆಸರು, ಪಂಪಿಗೂ ಗಾಳಿ. ಒಂದು ಕಾರಣ ಹುಡುಕಿದರೆ ಎರಡು ಸಿಕ್ಕಿತು.

ಈಗ ನನ್ನ ಪಾಪದ ಲೆಕ್ಕ. ಮೇಸ್ತ್ರಿ ಒಂದು ಬಿಗ್ ಎಂಡ್ ಕ್ಯಾಪು ಬಿಚ್ಚಿ ಬೇರಿಂಗ್ ಶೆಲ್ಲನ್ನು ಅಂಗೈಯಲ್ಲಿಟ್ಟು ಬಿಸಿಲಿಗೆ ಹಿಡಿದರು. ಉಗುರು ಎಳೆದು ನೋಡಿದರು. ನಾನು ಅವರ ಮುಖ ನೋಡುತ್ತಿದ್ದೆ, ಅತ್ತೆ ನನ್ನ ಮುಖ. ತಾಮ್ರದ ಬಣ್ಣ ಕಂಡರೆ ಕಥೆ ಮುಗಿಯಿತು, ಗುಜರಿಯವನಿಗೆ ಫೋನು. ಶೆಲ್ಲು ಬೂದುಬಣ್ಣದಲ್ಲೇ ಇತ್ತು. ಕೂದಲೆಳೆಯಂಥ ಎರಡು ಗೀರು.

“ಎಂಜಿನ್ ಉಳ್ದಿತ್ತ್,” ಎಂದರು. “ಇನ್ನ್ ಐದ್ ನಿಮಿಷ ಆದ್ರೆ ಇರ್ತಿರ್ಲಿಲ್ಲ.”

ಜಾಲರಿ, ಸಂಪು, ಪಂಪು ಎಲ್ಲ ಸೀಮೆಎಣ್ಣೆಯಲ್ಲಿ ಮಿಂದವು. ಪಂಪಿನೊಳಗೆ ತುಂಬಿಸಿದ್ದು ಏನು ಗೊತ್ತೇ? ಮೆಡಿಕಲ್ ಶಾಪಿನ ವ್ಯಾಸಲೀನ್! ನಾನು ನಕ್ಕೆ. ಗ್ರೀಸು ತುಂಬಿಸಿದರೆ ಕರಗದೆ ದಾರಿಗಡ್ಡ ಕೂರುತ್ತದೆ. ವ್ಯಾಸಲೀನು ಮೊದಲು ಪಂಪಿನ ಸಂದು ಮುಚ್ಚಿ ಎಣ್ಣೆ ಎಳೆಯಲು ನೆರವಾಗಿ, ಬಿಸಿಯಾದ ಮೇಲೆ ಎಣ್ಣೆಯಲ್ಲೇ ಕರಗಿಹೋಗುತ್ತದಂತೆ. ಹೊಸ ಗ್ಯಾಸ್ಕೆಟ್, ಹೊಸ ಫಿಲ್ಟರ್, 20ಡಬ್ಲ್ಯೂ-50 ಆಯಿಲ್. ಪ್ಲಗ್ಗಿನ ತೂತುಗಳಿಗೂ ಒಂದೊಂದು ಚಮಚ.

ಮತ್ತೆ ಪ್ಲಗ್ಗು ಹಾಕದೆ ತಿರುಗಿಸುವುದು. ಮೊದಲು ಹ್ಯಾಂಡಲಿನಲ್ಲಿ ಕೈಯಾರೆ. ಆಮೇಲೆ ಸ್ಟಾರ್ಟರಿನಲ್ಲಿ ಹತ್ತು ಸೆಕೆಂಡು, ವಿರಾಮ, ಮತ್ತೆ ಹತ್ತು. ಮೂರನೇ ಸರದಿಗೆ ಗೇಜಿನ ಪೈಪಿನ ಬಾಯಲ್ಲಿ ಗುಳ್ಳೆ. ನಾಲ್ಕನೆಯದಕ್ಕೆ ನನ್ನ ಅಂಗಿ ಮೇಲೆ ಪಿಚಕಾರಿ! ಪೈಪು ಬಿಗಿದು ತಿರುಗಿಸಿದರೆ ಮುಳ್ಳು ನಡುಗಿ, ಎದ್ದು, ಮೂವತ್ತರ ಹತ್ತಿರ ನಿಂತಿತು. ಆಗ ಮೇಸ್ತ್ರಿ ಕಿಸೆಯಿಂದ ಕೀ ತೆಗೆದು ನನಗಲ್ಲ, ಅತ್ತೆಗೆ ಕೊಟ್ಟರು.

ಶೂಟಿಂಗ್ ದಿನದ ಮಾತು ಹೇಳಿಬಿಡುತ್ತೇನೆ. ಕಾರನ್ನು ಅಂಗಳದ ತುಳಸಿಕಟ್ಟೆ ಪಕ್ಕ ನಿಲ್ಲಿಸಿದರು. ನಾಯಕ ಅದಕ್ಕೆ ಒರಗಿ ನಿಂತು ಎರಡು ಪುಟ ಡೈಲಾಗು ಹೇಳಿದ. ನಾನು ಉತ್ಸಾಹದಿಂದ ಸ್ಟಾರ್ಟ್ ಮಾಡಲು ಹೋದರೆ ಸಹನಿರ್ದೇಶಕ ಓಡಿ ಬಂದ: “ಬೇಡ ಸಾರ್, ಲೈವ್ ಸೌಂಡು. ಗಾಡಿ ನಿಂತಿದ್ರೆ ಸಾಕು!” ಎರಡು ದಿನವೂ ಅಷ್ಟೇ. ಮೇಸ್ತ್ರಿ ಜಗಲಿಯಲ್ಲಿ ಕೂತು ಹೊಟ್ಟೆ ಹಿಡಿದು ನಕ್ಕರು.

ಪ್ಯಾಕಪ್ ಆದ ಮೇಲೆ ಅತ್ತೆ ಬಂದು ಮುಂದಿನ ಸೀಟಿನಲ್ಲಿ ಕೂತರು. ಸ್ಟಾರ್ಟ್ ಮಾಡಿಸಿದರು. ತಣ್ಣಗಿನ ಎಂಜಿನ್ನಿಗೆ ಮುಳ್ಳು ಐವತ್ತು ದಾಟಿತು. ಕಾಲು ಗಂಟೆ ಕಾದು ಬಿಸಿಯಾದಾಗ ಇಳಿದು, ಬರೀ ಉಸಿರಾಡುವಾಗ ಹದಿನೆಂಟರಲ್ಲಿ ನಿಂತಿತು. ಅಷ್ಟಿರಬೇಕು, ಹೆದರಬೇಡ ಎಂದರು ಮೇಸ್ತ್ರಿ. ಅತ್ತೆ ಗೇಜನ್ನೇ ನೋಡುತ್ತಿದ್ದರು.

“ನಿನ್ ಮಾವ ನಂಗ್ಯಾವತ್ತೂ ಇದನ್ ಕಲ್ಸ್‌ಲಿಲ್ಲ,” ಎಂದರು. “ಆ ಗುಜ್ರಿಯವಂಗೆ ಫೋನ್ ಮಾಡ್. ಬಪ್ಪುದ್ ಬೇಡ ಅನ್.”