ಮುಚ್ಚಳದ ಸಣ್ಣ ತೂತು

ತ್ಯಾವಣಿಗೆಯ ಗದ್ದೆಗಳಿಗೆ ಭದ್ರಾ ನಾಲೆಯೇ ಜೀವ. ನಾಲೆಯಲ್ಲಿ ನೀರು ಇಳಿದಾಗ ಹಳ್ಳಕ್ಕೆ ಡೀಸೆಲ್ ಎಂಜಿನ್ ಹೂಡಿ ನೀರೆತ್ತುವುದು ಅಲ್ಲಿನವರಿಗೆ ಹೊಸತಲ್ಲ. ಒಂದು ಬೇಸಿಗೆಯಲ್ಲಿ, ಭತ್ತ ಹೊಡೆ ಕಟ್ಟುವ ಹೊತ್ತಿಗೆ ಸರಿಯಾಗಿ, ಒಬ್ಬ ರೈತರ ಎಂಜಿನ್ನು ಮೊಂಡಾಟ ಹಿಡಿಯಿತು. ಮುಕ್ಕಾಲು ಗಂಟೆ ಚೆನ್ನಾಗಿ ಓಡುವುದು; ಆಮೇಲೆ ಕೆಮ್ಮಿ ನಿಂತುಬಿಡುವುದು. ಡೀಸೆಲ್ ಮುಗಿಯಿತೇನೋ ಎಂದು ಮುಚ್ಚಳ ತೆಗೆದರೆ ಅರ್ಧ ಟ್ಯಾಂಕು ಹಾಗೆಯೇ ಇದೆ! ಮುಚ್ಚಳ ಹಾಕಿ ಹ್ಯಾಂಡಲ್ ತಿರುಗಿಸಿದರೆ ಮತ್ತೆ ಚಾಲೂ.

ಫಿಲ್ಟರ್ ಬದಲಾಯಿತು, ಪೈಪು ಬದಲಾಯಿತು. ಕೊನೆಗೆ ಮೆಕ್ಯಾನಿಕ್, ಪಂಪನ್ನೇ ಬಿಚ್ಚಿ ದಾವಣಗೆರೆಗೆ ಒಯ್ಯಬೇಕು ಎಂದ. ಅದಕ್ಕೆ ಎರಡು ದಿನ ಬೇಕು. ಗದ್ದೆ ಆಗಲೇ ಬಿರುಕು ಬಿಡತೊಡಗಿತ್ತು.

ಬುತ್ತಿ ತಂದಿದ್ದ ಒಂಬತ್ತನೇ ತರಗತಿಯ ಮಗಳು ಇದನ್ನೆಲ್ಲ ನೋಡುತ್ತಿದ್ದಳು. "ಮುಚ್ಚಳ ತೆಗೆದಾಗೆಲ್ಲ ಚಾಲೂ ಆಗ್ತತಲ್ಲ ಅಪ್ಪಾಜಿ, ಅದ್ಯಾಕೆ?" ಎಂದಳು.

"ನೀನು ಮನಿಗೆ ಹೋಗಿ ಓದ್ಕೋ ಹೋಗವ್ವ" ಎಂದು ಅಪ್ಪ ರೇಗಿದರು. ಆಕೆ ಹೋಗಲಿಲ್ಲ, ಮುಚ್ಚಳವನ್ನು ತಿರುಗಿಸಿ ನೋಡಿದಳು. ನಡುವಿನ ಸಣ್ಣ ತೂತಿನಲ್ಲಿ ಕೆಸರು ಒಣಗಿ ಕೂತಿತ್ತು. ಲಂಗಕ್ಕೆ ಚುಚ್ಚಿದ್ದ ಪಿನ್ನಿನಿಂದ ಅದನ್ನು ಕೆದರಿದಳು. ಆ ದಿನ ಎಂಜಿನ್ನು ಸಂಜೆಯವರೆಗೂ ನಿಲ್ಲಲಿಲ್ಲ.

ಎಣ್ಣೆ ಡಬ್ಬಕ್ಕೆ ಅಂಗಡಿಯವರು ಎರಡು ತೂತು ಹೊಡೆಯುವುದನ್ನು ಎಲ್ಲರೂ ಕಂಡಿದ್ದಾರೆ. ಒಂದರಲ್ಲಿ ಎಣ್ಣೆ ಹೊರಬಂದರೆ ಇನ್ನೊಂದರಲ್ಲಿ ಗಾಳಿ ಒಳಹೋಗುತ್ತದೆ. ಗಾಳಿಗೆ ದಾರಿ ಮುಚ್ಚಿದರೆ, ಡೀಸೆಲ್ ಇಳಿದಂತೆಲ್ಲ ಟ್ಯಾಂಕಿನೊಳಗಿನ ಒತ್ತಡ ತಗ್ಗುತ್ತದೆ. ಹೊರಗಿನ ವಾಯುಭಾರ ಹರಿವನ್ನು ತಡೆದು ನಿಲ್ಲಿಸುತ್ತದೆ. ಮುಚ್ಚಳ ತೆರೆದೊಡನೆ ಗಾಳಿ ನುಗ್ಗಿ ದೋಷ ಮಾಯ! ಹುಡುಕಲು ಹೋದವರ ಕೈಯೇ ಕಳ್ಳನನ್ನು ಬಚ್ಚಿಡುತ್ತಿತ್ತು.

ಗದ್ದೆಯಲ್ಲಿ ನಿಂತ ಎಂಜಿನ್ನನ್ನು ಬದುವಿನ ಮೇಲೆ ಕೂತು ಸರಿಪಡಿಸಬಹುದು. ಆಕಾಶದಲ್ಲಿ ಬದು ಎಲ್ಲಿದೆ? ಅಮೆರಿಕದಲ್ಲಿ ತಮ್ಮ ಷೆಡ್ಡಿನಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳಿದ್ದಾರೆ. ಬರ್ಟ್ ರುಟಾನ್ ಅಂಥವರಿಗಾಗಿ ರೂಪಿಸಿದ ಲಾಂಗ್-ಈಜೀ ಮಾದರಿಯ ವಿಮಾನವನ್ನು ಬೆಂಗಳೂರಿನ ಎನ್‌ಎಎಲ್ ಕೂಡ ಕಟ್ಟಿ 1987ರಲ್ಲಿ ಹಾರಿಸಿತು. ಕೆಲವು ಹವ್ಯಾಸಿಗಳು ಮಾಜ್ದಾ ಕಾರಿನ ರೋಟರಿ ಎಂಜಿನ್ನನ್ನು ವಿಮಾನಕ್ಕೆ ಕೂರಿಸುತ್ತಾರೆ. ಜರ್ಮನಿಯ ಫೆಲಿಕ್ಸ್ ವಾಂಕೆಲ್ ಹೆಸರಿನ ಈ ಎಂಜಿನ್ನಿನಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್ ಇಲ್ಲ. ಮುಮ್ಮೂಲೆಯ ರೋಟರ್ ಸುತ್ತುತ್ತದೆ. ಹಗುರ, ಆದರೆ ಶಕ್ತಿ ಹೆಚ್ಚು. ಭಾರತದಲ್ಲೇ ತಯಾರಾದ ವಾಂಕೆಲ್ ಎಂಜಿನ್ ಹೊತ್ತ ಪೈಲಟ್‌ರಹಿತ 'ನಿಶಾಂತ್' ವಿಮಾನ 2009ರಲ್ಲಿ ನಮ್ಮ ಕೋಲಾರದಲ್ಲೇ ಹಾರಿತು.

ರೋಟರಿಯ ಹೊಗೆಕೊಳವೆ ವಿಪರೀತ ಬಿಸಿ. ಪೆಟ್ರೋಲ್ ಪೈಪು ಅದರ ಹತ್ತಿರ ಹಾದರೆ ಒಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪು ದ್ರವವನ್ನು ತಳ್ಳಬಲ್ಲದು, ಆವಿಯನ್ನು ಹಿಡಿದು ತಳ್ಳಲಾರದು. ದೂರದಿಂದ ಹೀರಿದರೆ ಒತ್ತಡ ತಗ್ಗಿ ಕುದಿಯುವುದು ಇನ್ನೂ ಸುಲಭ. ಆದ್ದರಿಂದ ಪಂಪನ್ನು ಟ್ಯಾಂಕಿನ ಬಳಿಯೇ ಇಟ್ಟು, ಹೀರುವ ಬದಲು ತಳ್ಳುವಂತೆ ಮಾಡುತ್ತಾರೆ. ಒಂದು ಕೆಟ್ಟರೆ ಇರಲಿ ಎಂದು ಎರಡು ಪಂಪು. ಹಾರುವ ಮೊದಲು ಎಂಜಿನ್ನಿನ ಬಳಿ ಪೈಪು ಬಿಚ್ಚಿ, ನಿಮಿಷಕ್ಕೆ ಎಷ್ಟು ಪೆಟ್ರೋಲ್ ಬರುತ್ತದೆಂದು ಅಳೆಯುತ್ತಾರೆ. ಪೂರ್ಣ ಶಕ್ತಿಗೆ ಬೇಕಾದುದಕ್ಕಿಂತ ಕಾಲುಪಾಲಾದರೂ ಹೆಚ್ಚು ಬರಬೇಕು. ಮೂತಿ ಮೇಲೆತ್ತಿ ಏರುವಾಗಲೂ ಅಷ್ಟೇ ಬರಬೇಕಾದ್ದರಿಂದ ವಿಮಾನವನ್ನು ಹಾಗೆಯೇ ಓರೆಯಾಗಿ ನಿಲ್ಲಿಸಿ ಅಳೆಯುವುದು ಕ್ರಮ.

ಪರೀಕ್ಷಿಸುವ ದಾರಿಯೂ ಒಂದೇ: ಟ್ಯಾಂಕಿನಿಂದ ಶುರುಮಾಡಿ ಗಾಳಿಯ ತೂತು, ಫಿಲ್ಟರ್, ಪಂಪು, ಪೈಪು ಎಂದು ಸಾಲಾಗಿ ನೋಡುವುದು. ಒಂದು ಸಲಕ್ಕೆ ಒಂದನ್ನೇ ಬದಲಿಸುವುದು. ಎರಡನ್ನು ಒಟ್ಟಿಗೆ ಬದಲಿಸಿದರೆ, ಸರಿಯಾದರೂ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ.

ಆ ವರ್ಷ ಭತ್ತ ಉಳಿಯಿತು. ಪಂಪು ದಾವಣಗೆರೆಗೆ ಹೋಗಲಿಲ್ಲ. ಮುಂದೊಂದು ದಿನ ಪಕ್ಕದ ಗದ್ದೆಯವರ ಎಂಜಿನ್ನು ನಿಂತಾಗ ಆ ಅಪ್ಪ ಹೇಳಿದ್ದು ಇಷ್ಟೇ: "ತಡಿ, ನಮ್ಮ ಹುಡುಗಿ ಸ್ಕೂಲಿಂದ ಬರ್ಲಿ. ಅದನ್ನ ಕೇಳಾಣ."